ವಸಾಹತು ಕಾಲದ ಕೊಡಗು: ಜನಜೀವನ, ವ್ಯಾಪಾರ, ಸಂಘರ್ಷ

ಮಾದಾಪುರದಿಂದ ಮಡಿಕೇರಿಯ ಕಡೆಗೆ ಸಾಗುವ ದಾರಿಯಲ್ಲಿ ಹಾಲೇರಿ ಎಂಬ ಊರು ಸಿಗುತ್ತದೆ. ಗದ್ದೆ, ತೋಟ, ಕಾಡುಗಳ ನಡುವಿನ ಈ ಸಣ್ಣ ಊರಿನ ಹೆಸರೇ ಕೊಡಗನ್ನು ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಆಳಿದ ವೀರಶೈವ ಅರಸುಮನೆತನದ ಹೆಸರಾಯಿತು. ಈ ಮನೆತನದ ಮುದ್ದುರಾಜನು 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡನು. 1834ರಲ್ಲಿ ಅದೇ ಮಡಿಕೇರಿಯ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟವೇರಿತು. ಈ ಎರಡು ವರ್ಷಗಳ ನಡುವಣ ಹಾಗೂ ಅನಂತರದ ಕಥೆಯನ್ನು ಕೇವಲ ರಾಜರ ಕಥೆಯೆಂದು ಓದಿದರೆ ಅದು ಅರ್ಧ ಮಾತ್ರ ತಿಳಿಯುತ್ತದೆ. ಉಪ್ಪು ಎಲ್ಲಿಂದ ಬಂದಿತು, ಕಂದಾಯವನ್ನು ಭತ್ತದಲ್ಲಿ ಕೊಡಬೇಕಾಗಿತ್ತೋ ನಾಣ್ಯದಲ್ಲಿ ಕೊಡಬೇಕಾಗಿತ್ತೋ, ಗದ್ದೆಯಲ್ಲಿ ದುಡಿದವರು ಯಾರು ಎಂಬ ಪ್ರಶ್ನೆಗಳನ್ನು ಕೇಳಿದಾಗಲೇ ಉಳಿದ ಅರ್ಧ ತೆರೆದುಕೊಳ್ಳುತ್ತದೆ.

ಲೋಕದ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಿಗೆ ಅಮೆರಿಕದ ಹದಿಮೂರು ವಸಾಹತುಗಳ ಪಾಠ ಪರಿಚಿತವಾದುದೇ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಆ ಚಹಾ ಯಾರದು? ಅದೇ ಈಸ್ಟ್ ಇಂಡಿಯಾ ಕಂಪನಿಯದು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ ಸೇನೆಯ ದಂಡನಾಯಕ ಯಾರು? ಲಾರ್ಡ್ ಕಾರ್ನ್‌ವಾಲಿಸ್. ಹನ್ನೊಂದು ವರ್ಷಗಳೊಳಗಾಗಿ ಅದೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನು. ಯಾರ್ಕ್‌ಟೌನಿನ ಮುತ್ತಿಗೆಯ ಕೊನೆಯ ದಿನಗಳಲ್ಲಿ ಒಂದು ತುಕಡಿಯನ್ನು ನಡೆಸಿ ಶತ್ರುವಿನ ಫಿರಂಗಿಗಳ ಮೇಲೆ ಬಿದ್ದಿದ್ದ ರಾಬರ್ಟ್ ಅಬರ್‌ಕ್ರಾಂಬಿಯು 1791ರಲ್ಲಿ ಮುಂಬಯಿಯ ಸೇನೆಯೊಡನೆ ಮಲಬಾರಿನಿಂದ ಘಟ್ಟವೇರಿ ಕೊಡಗಿನೊಳಕ್ಕೆ ಬಂದನು. ದೂರದ ಅಮೆರಿಕವನ್ನು ಕಳೆದುಕೊಂಡ ಕೈಗಳೇ ಕೊಡಗಿನ ಬಾಗಿಲನ್ನು ತಟ್ಟಿದವು. ಆದುದರಿಂದ ಎರಡು ನಾಡುಗಳನ್ನು ಜೊತೆಯಲ್ಲಿರಿಸಿ ನೋಡುವುದು ಬರಿಯ ಹೋಲಿಕೆಯ ಚಪಲವಲ್ಲ.

ಅರಸರ ಕಾಲದ ಬಾಳುವೆ

ಹಾಲೇರಿ ಅರಸರ ಕಾಲದಲ್ಲಿ ಕೊಡಗಿನ ಬದುಕು ಭತ್ತದ ಗದ್ದೆಯ ಸುತ್ತ ಹೆಣೆದುಕೊಂಡಿತ್ತು. ಕಣಿವೆಯ ತಗ್ಗಿನಲ್ಲಿ ಗದ್ದೆ. ಅದಕ್ಕೆ ಒತ್ತಿ ಮೇಲೆ ಬಾಣೆ. ಬಾಣೆಯೆಂದರೆ ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಗಳಿಗೆ ಮೇವು ಒದಗಿಸುವ ಕಾಡುಭೂಮಿ. ಗದ್ದೆಯಿಲ್ಲದೆ ಬಾಣೆಗೆ ಅರ್ಥವಿಲ್ಲ, ಬಾಣೆಯಿಲ್ಲದೆ ಗದ್ದೆಗೆ ಸಾರವಿಲ್ಲ. ಕೊಡವರಲ್ಲಿ ಒಂದು ಒಕ್ಕದವರೆಲ್ಲ ಐನ್‌ಮನೆಯಲ್ಲಿ ಕೂಡಿ ಬಾಳುತ್ತಿದ್ದರು. ಮನೆಯ ಹಿರಿಯ ಪಟ್ಟೇದಾರನು ಭೂಮಿಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದನು. ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಪುತ್ತರಿಯೇ ವರ್ಷದ ದೊಡ್ಡ ಹಬ್ಬ. ಉತ್ತರ ಕೊಡಗಿನಲ್ಲಿ ಲಿಂಗಾಯತ ಮತ್ತು ಗೌಡ ಕೃಷಿಕರ ಊರುಗಳು ಹೆಚ್ಚು. ಅಲ್ಲಿನ ಸೋಮವಾರಪೇಟೆ, ಶನಿವಾರಸಂತೆ ಎಂಬ ಹೆಸರುಗಳೇ ವಾರದ ಸಂತೆಗಳ ಮೂಲಕ ನಡೆಯುತ್ತಿದ್ದ ಕೊಡುಕೊಳ್ಳುವಿಕೆಯ ಸಾಕ್ಷಿಗಳಾಗಿ ಇಂದಿಗೂ ಉಳಿದಿವೆ.

ಭೂಮಿಯ ಹಿಡುವಳಿಗಳಲ್ಲಿ ಮುಖ್ಯವಾದುವು ಎರಡು: ಜಮ್ಮ ಮತ್ತು ಸಾಗು. ಲಿಂಗರಾಜೇಂದ್ರನ (ಆಳ್ವಿಕೆ 1811–1820) ಕಾಲದ ಶಿಸ್ತಿನ ಪ್ರಕಾರ ನೂರು ಭಟ್ಟಿ ಸಾಗು ಭೂಮಿಗೆ ಹತ್ತು ರೂಪಾಯಿ ಕಂದಾಯವಾದರೆ, ಅಷ್ಟೇ ಜಮ್ಮ ಭೂಮಿಗೆ ಐದು ರೂಪಾಯಿ. ಈ ರಿಯಾಯಿತಿ ಪುಕ್ಕಟೆಯಾಗಿ ದೊರೆತುದಲ್ಲ. ಜಮ್ಮದ ಒಕ್ಕಲಿಗನು ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕು, ಗಡಿಯ ಉಕ್ಕಡಗಳಲ್ಲಿ ಕಾವಲಿರಬೇಕು, ಅರಸನ ಕೆಲಸಕ್ಕೆ ಒದಗಬೇಕು. ಜಮ್ಮವನ್ನು ಮಾರುವಂತಿರಲಿಲ್ಲ, ಒಡೆದು ಹಂಚುವಂತೆಯೂ ಇರಲಿಲ್ಲ. ಹೀಗೆ ಭೂಮಿ ಮತ್ತು ಸೇವೆ ಒಂದಕ್ಕೊಂದು ಗಂಟುಬಿದ್ದಿದ್ದವು. ಕಾಡಿನ ಏಣುಗಳುದ್ದಕ್ಕೂ ತೋಡಿದ ಕಡಂಗಗಳು, ಅಂದರೆ ಯುದ್ಧದ ಕಂದಕಗಳು, ಆ ದುಡಿಮೆಯ ಗುರುತುಗಳಾಗಿ ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.

ಈ ಚಿತ್ರಕ್ಕೆ ನೆರಳೂ ಉಂಟು. ಅರಸನ ಪಣ್ಯದ ಗದ್ದೆಗಳಲ್ಲಿಯೂ ಅನೇಕ ಒಕ್ಕಲು ಮನೆಗಳಲ್ಲಿಯೂ ದುಡಿದವರು ಜೀತದ ಆಳುಗಳು. ಭೂಮಿಯೊಡನೆ ಕೈ ಬದಲಾಯಿಸುವ ಆಳುಗಳಿದ್ದರು. ಒಡೆಯನ ಸ್ವಂತ ಸೊತ್ತೆಂದು ಎಣಿಸಲ್ಪಟ್ಟ ಆಳುಗಳೂ ಇದ್ದರು. 1619ರಿಂದ ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಿಗೆ ಆಫ್ರಿಕದ ಜನರನ್ನು ತಂದ ಕ್ರೌರ್ಯಕ್ಕೂ ಇದಕ್ಕೂ ಪ್ರಮಾಣದಲ್ಲಿ, ರೀತಿಯಲ್ಲಿ ಭೇದವಿದೆ. ಆದರೆ ಮನುಷ್ಯನನ್ನು ಸೊತ್ತೆಂದು ಎಣಿಸಿದ ತಪ್ಪು ಎರಡೂ ಕಡೆ ಒಂದೇ. ಕಾಯಕದ ಹಿರಿಮೆಯನ್ನೂ ಮನುಷ್ಯರ ಸಮಾನತೆಯನ್ನೂ ಸಾರಿದ ಶರಣರ ನಾಡಿನಲ್ಲಿ, ಆ ಪರಂಪರೆಯನ್ನು ನಂಬಿದ ಅರಸರ ಆಳ್ವಿಕೆಯಲ್ಲಿಯೇ ಜೀತವು ಉಳಿದಿತ್ತೆಂಬ ಸಂಗತಿಯನ್ನು ಮರೆಮಾಚದೆ ಹೇಳಬೇಕಾಗಿದೆ. ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿದುದು 1843ರ ಐದನೆಯ ಶಾಸನ. ಅದರ ಮೇಲೂ ಸಾಲದ ಹೆಸರಿನಲ್ಲಿ ಜೀತ ಬಹುಕಾಲ ಮುಂದುವರಿಯಿತು.

ಉಪ್ಪು, ಏಲಕ್ಕಿ, ಅಕ್ಕಿ

ಕೊಡಗಿನಲ್ಲಿ ಅಕ್ಕಿಯಿತ್ತು, ಉಪ್ಪಿರಲಿಲ್ಲ. ಕರಾವಳಿಯಲ್ಲಿ ಉಪ್ಪಿತ್ತು, ಅಕ್ಕಿ ಸಾಲದು. ಘಟ್ಟದ ಮೇಲಿನ ಹಾಗೂ ಕೆಳಗಿನ ನಾಡುಗಳ ನಡುವಣ ವ್ಯಾಪಾರಕ್ಕೆ ಇದೇ ಮೂಲ ಕಾರಣ. ಮಳೆಗಾಲ ಕಳೆದು ದಾರಿಗಳು ಒಣಗಿದ ಮೇಲೆ ಹೇರೆತ್ತುಗಳ ಸಾಲುಗಳು ಅಕ್ಕಿಯನ್ನು ಹೊತ್ತು ಘಟ್ಟವಿಳಿದು, ಉಪ್ಪು, ತೆಂಗು, ಒಣಮೀನು, ಬಟ್ಟೆಗಳನ್ನು ಹೊತ್ತು ಮರಳುತ್ತಿದ್ದವು. ಗಡಿಯ ಉಕ್ಕಡಗಳು ಇವನ್ನು ತಡೆದು ಸುಂಕವನ್ನು ವಸೂಲು ಮಾಡುತ್ತಿದ್ದವು.

ಎಲ್ಲಕ್ಕಿಂತ ಬೆಲೆಬಾಳುವ ಸರಕು ಏಲಕ್ಕಿ. ಅದನ್ನು ಬೆಳೆಯುತ್ತಿದ್ದ ರೀತಿ ವಿಶಿಷ್ಟವಾದುದು. ನೆರಳು, ತೇವ ಎರಡೂ ಇರುವ ಮಲೆಕಾಡಿನಲ್ಲಿ ಸ್ಥಳವನ್ನಾರಿಸಿ ಒಂದು ಭಾರಿ ಮರವನ್ನು ಕಡಿದು ಕೆಡಹುತ್ತಿದ್ದರು. ಅದು ಬೀಳುವಾಗ ಸುತ್ತಣ ಚಿಕ್ಕ ಗಿಡಮರಗಳನ್ನೂ ಮುರಿದುಕೊಂಡು ಬೀಳುತ್ತಿತ್ತು. ಹೀಗೆ ತೆರವಾದ ನೆಲಕ್ಕೆ ಬಿಸಿಲು ತಾಗಿದಾಗ, ಮೊದಲ ಮಳೆಯ ಬಳಿಕ ಏಲಕ್ಕಿಯ ಸಸಿಗಳು ತಾವಾಗಿಯೇ ಮೊಳೆಯುತ್ತಿದ್ದವು. ಮೂರು ನಾಲ್ಕು ವರ್ಷಗಳಲ್ಲಿ ಫಲ ದೊರೆಯುತ್ತಿತ್ತು. ಆದರೆ ಬೆಳೆದವನು ಇಚ್ಛೆ ಬಂದಲ್ಲಿ ಮಾರುವಂತಿರಲಿಲ್ಲ. ಏಲಕ್ಕಿಯ ವ್ಯಾಪಾರ ಅರಸನ ಏಕಸ್ವಾಮ್ಯ. ಮಲಬಾರಿನ ತಲಚೇರಿ ಮುಂತಾದ ಬಂದರುಗಳ ಮೂಲಕ ಅದು ಕಡಲಾಚೆಗೆ ಹೋಗುತ್ತಿತ್ತು. ಹಣ ಮಡಿಕೇರಿಯ ಖಜಾನೆಗೆ ಸೇರುತ್ತಿತ್ತು.

ಅರಸನ ಏಕಸ್ವಾಮ್ಯವೂ ಒಂದು ಹೊರೆಯೇ. ಆದರೂ ಅದು ಕಣ್ಣಿಗೆ ಕಾಣುವ ಅರಸನದು. ಆತನ ಮುಂದೆ ದೂರು ಹೇಳಿಕೊಳ್ಳಬಹುದೆಂಬ ನಂಬಿಕೆಯಾದರೂ ಇತ್ತು. ದೂರದ ಲಂಡನ್ನಿನಲ್ಲಿ ಲಾಭವನ್ನು ಎಣಿಸುವ ಕಂಪನಿಯ ಏಕಸ್ವಾಮ್ಯದಲ್ಲಿ ಆ ನಂಬಿಕೆಗೂ ಎಡೆಯಿರಲಿಲ್ಲ. ಅಮೆರಿಕದ ವಸಾಹತಿನವರು ಚಹಾವನ್ನು ಕಡಲಿಗೆ ಎಸೆದುದು ಬೆಲೆ ಹೆಚ್ಚಾಯಿತೆಂದಲ್ಲ. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯೊಂದು ತಮ್ಮ ಮೇಲೆ ತೆರಿಗೆ ಹೇರಿತೆಂಬುದೇ ಅವರ ರೋಷಕ್ಕೆ ಕಾರಣ.

ಮಿತ್ರನಿಂದ ಒಡೆಯನಾದ ಕಂಪನಿ

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕೊಡಗು ಬಹು ಸಂಕಟಪಟ್ಟಿತು. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮತ್ತೆ ಸಂಘಟಿಸಿದನು. ಟಿಪ್ಪುವಿನ ವಿರುದ್ಧ ಬಲವನ್ನು ಅರಸಿ 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡನು. ಅಬರ್‌ಕ್ರಾಂಬಿಯ ಸೇನೆಗೆ ದಾರಿಯನ್ನೂ ಅಕ್ಕಿಯನ್ನೂ ಎತ್ತುಗಳನ್ನೂ ಒದಗಿಸಿದನು. ಅವರಿಬ್ಬರ ಭೇಟಿಯ ನೆನಪಿಗಾಗಿ ಕಟ್ಟಿದ ಊರೇ ವಿರಾಜಪೇಟೆ.

ಉಪಕಾರಕ್ಕೆ ಪ್ರತಿಯಾಗಿ ರಕ್ಷಣೆ ದೊರೆಯಿತು, ರಕ್ಷಣೆಯೊಡನೆ ಕಪ್ಪವೂ ಬಂದಿತು. ವರ್ಷಕ್ಕೆ 24,000 ರೂಪಾಯಿಗಳ ಕಪ್ಪ ನಿಗದಿಯಾಯಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಹಣದ ಬದಲು ವರ್ಷಕ್ಕೊಂದು ಆನೆಯನ್ನು ಸಲ್ಲಿಸಿದರೆ ಸಾಕೆಂದಾಯಿತು. ಸ್ನೇಹದ ಗುರುತೆಂದು ತೋರುವ ಆ ಆನೆಯೇ, ಯಾರು ಹಿರಿಯರು ಯಾರು ಕಿರಿಯರು ಎಂಬುದನ್ನು ಪ್ರತಿವರ್ಷವೂ ನೆನಪಿಸುತ್ತಿತ್ತು. 

ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟವೇರಿದನು. ಆತನ ಕಾಲದಲ್ಲಿ ಅರಮನೆಯೊಳಗೆ ಬಂಧುಗಳ ಕೊಲೆಗಳು ನಡೆದುವು. ಆತನ ಸೋದರಿ ದೇವಮ್ಮಾಜಿ ಮತ್ತು ಆಕೆಯ ಪತಿ ಚೆನ್ನಬಸಪ್ಪ ಜೀವಭಯದಿಂದ ನಾಡನ್ನು ಬಿಟ್ಟು ಕಂಪನಿಯ ಆಶ್ರಯವನ್ನು ಬೇಡಿದರು. ಅವರನ್ನು ಒಪ್ಪಿಸಬೇಕೆಂಬ ಅರಸನ ಬೇಡಿಕೆಯನ್ನು ಕಂಪನಿ ತಳ್ಳಿಹಾಕಿತು, ವಿರಸ ಬೆಳೆಯಿತು. 1834ರ ಏಪ್ರಿಲಿನಲ್ಲಿ ಸೇನೆಗಳು ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕವು. ಉತ್ತರ ಗಡಿಯ ಒಂದು ಕಾವಲುಕಟ್ಟೆಯಲ್ಲಿ ಕೊಡಗಿನ ಯೋಧರು ಕರ್ನಲ್ ವಾ ಎಂಬಾತನ ದಳವನ್ನು ಹಿಮ್ಮೆಟ್ಟಿಸಿದರು. ಗೆಲ್ಲಬಲ್ಲ ಯೋಧರಿದ್ದರೂ ಹೋರಾಡುವ ನಿಶ್ಚಯ ಅರಮನೆಯಲ್ಲಿರಲಿಲ್ಲ. ಏಪ್ರಿಲ್ 6ರಂದು ಮಡಿಕೇರಿ ಕಂಪನಿಯ ಕೈಸೇರಿತು. ಕೆಲವೇ ದಿನಗಳಲ್ಲಿ ಅರಸನು ಶರಣಾದನು. ಆತನನ್ನು ಮೊದಲು ವೆಲ್ಲೂರಿಗೆ, ಬಳಿಕ ಕಾಶಿಗೆ ಕಳುಹಿಸಿದರು. 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ ಆತನು ತನ್ನ ಹಣಕ್ಕಾಗಿ ಕಂಪನಿಯ ಮೇಲೆ ವ್ಯಾಜ್ಯ ಹೂಡಿ, 1859ರಲ್ಲಿ ಅಲ್ಲಿಯೇ ತೀರಿಕೊಂಡನು.

1834ರ ಮೇ 7ರಂದು ಕರ್ನಲ್ ಫ್ರೇಜರ್ ಹೊರಡಿಸಿದ ಘೋಷಣೆಯು ಕೊಡಗಿನ ಜನರ ಇಚ್ಛೆಯಂತೆಯೇ ಈ ನಾಡನ್ನು ಕಂಪನಿಯ ಆಳ್ವಿಕೆಗೆ ಸೇರಿಸಿಕೊಳ್ಳಲಾಗಿದೆಯೆಂದು ಸಾರಿತು. ನಾಡಿನ ಮುಖಂಡರಲ್ಲಿ ಅನೇಕರು ಒಪ್ಪಿದ್ದರೆಂಬುದು ನಿಜ. ಅರಸನ ಕ್ರೌರ್ಯದಿಂದ ಬೇಸತ್ತಿದ್ದರೆಂಬುದೂ ನಿಜ. ಆದರೆ ಗದ್ದೆಯ ಒಕ್ಕಲನ್ನು, ಸಂತೆಯ ಹೇರಿನವನನ್ನು, ಪಣ್ಯದ ಆಳನ್ನು ಯಾರು ಕೇಳಿದರು? ಈ ಪ್ರಶ್ನೆಗೆ ಉತ್ತರ ಮೂರೇ ವರ್ಷಗಳಲ್ಲಿ ದೊರೆಯಿತು.

ಭತ್ತದ ಕಂದಾಯ, ಬೆಳ್ಳಿಯ ಕಂದಾಯ

1834ರಲ್ಲಿ ಕಂಪನಿಯು ಘಟ್ಟದ ಕೆಳಗಿದ್ದ ಅಮರಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಕಾಗದದ ಮೇಲೆ ಇದು ಗಡಿಯ ಒಂದು ಗೆರೆ ಮಾತ್ರ. ಒಕ್ಕಲಿನ ಪಾಲಿಗೆ ಅದು ಬದುಕಿನ ಬದಲಾವಣೆ. ಅರಸರ ಕಾಲದಲ್ಲಿ ಅಲ್ಲಿನವರು ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. ಈಗ ನಾಣ್ಯದಲ್ಲಿ ಸಲ್ಲಿಸಬೇಕಾಯಿತು.

ಇದರ ಪರಿಣಾಮವನ್ನು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯಹೇಳಬಹುದು. ಕಂದಾಯವು ಭತ್ತದಲ್ಲಿದ್ದಾಗ ಒಕ್ಕಲು ಕಣದಲ್ಲಿಯೇ ಅಳೆದುಕೊಟ್ಟು ಮುಗಿಸುತ್ತಾನೆ. ಕಂದಾಯವು ರೂಪಾಯಿಯಲ್ಲಿರುವಾಗ ಆತನು ಮೊದಲು ಭತ್ತವನ್ನು ಮಾರಬೇಕು. ಎಲ್ಲರೂ ಸುಗ್ಗಿಯಲ್ಲಿಯೇ ಮಾರಬೇಕಾದುದರಿಂದ ಬೆಲೆ ಇಳಿಯುತ್ತದೆ. ಬೆಲೆ ಇಳಿದಾಗ ಅದೇ ಕಂದಾಯಕ್ಕೆ ಹೆಚ್ಚು ಭತ್ತ ಹೋಗುತ್ತದೆ. ಸಾಲದುದಕ್ಕೆ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತದೆ. ಕಂದಾಯದ ಅಂಕಿ ಏರದೆಯೇ ಅದರ ಭಾರ ಏರುತ್ತದೆ. ಇದರ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಕಂಪನಿಯ ಏಕಸ್ವಾಮ್ಯವಿದ್ದು, ಬಡವನ ದಿನದ ಎರಡು ಅಗತ್ಯಗಳೂ ತುಟ್ಟಿಯಾದವು.

ಅಮೆರಿಕದಲ್ಲಿಯೂ ಇದಕ್ಕೆ ಸಮಾನವಾದ ಅನುಭವವುಂಟು. ವರ್ಜೀನಿಯದಲ್ಲಿ ಹೊಗೆಸೊಪ್ಪೇ ಬಹುಕಾಲ ಹಣದ ಸ್ಥಾನದಲ್ಲಿದ್ದಿತು. ತೆರಿಗೆಯನ್ನೂ ಪಾದ್ರಿಗಳ ಸಂಬಳವನ್ನೂ ಅದರಲ್ಲಿಯೇ ಸಲ್ಲಿಸುತ್ತಿದ್ದರು. ಸ್ವಾತಂತ್ರ್ಯಾನಂತರ ಮ್ಯಾಸಚೂಸೆಟ್ಸಿನ ಸರ್ಕಾರವು ಗಟ್ಟಿ ನಾಣ್ಯದಲ್ಲಿಯೇ ತೆರಿಗೆ ಬೇಕೆಂದು ಪಟ್ಟು ಹಿಡಿದಾಗ, ಸಾಲದಲ್ಲಿ ಮುಳುಗಿದ ರೈತರು 1786ರಲ್ಲಿ ಡೇನಿಯಲ್ ಶೇಸನ ಮುಂದಾಳ್ತನದಲ್ಲಿ ದಂಗೆಯೆದ್ದರು. ಆಳುವವರು ಪರಕೀಯರೇ ಆಗಲಿ, ಸ್ವದೇಶೀಯರೇ ಆಗಲಿ, ಒಕ್ಕಲಿನ ಕೈಯಲ್ಲಿಲ್ಲದ ವಸ್ತುವನ್ನು ಕಂದಾಯವೆಂದು ಕೇಳಿದಾಗ ಫಲ ಒಂದೇ.

1837ರ ಬಂಡಾಯ

1837ರ ವಸಂತದಲ್ಲಿ ಸುಳ್ಯದ ಸೀಮೆ ಸಿಡಿದೆದ್ದಿತು. ಉತ್ತರ ಕೊಡಗಿನ ಕೃಷಿಕ ಪುಟ್ಟಬಸಪ್ಪನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಸಾರಿ ಜನರು ಮುಂದಿಟ್ಟುಕೊಂಡರು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರು ಈ ಹೋರಾಟದ ಮುಂದಾಳುಗಳು. ಒಕ್ಕಲಿಗರ ದಂಡು ಪುತ್ತೂರು, ಬಂಟವಾಳಗಳ ಮೂಲಕ ಸಾಗಿ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡಿತು. ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟವನ್ನಿಳಿಸಿ ತನ್ನದನ್ನೇರಿಸಿತು. ಸುಮಾರು ಹದಿಮೂರು ದಿನ ಆ ಪಟ್ಟಣ ಬಂಡುಗಾರರ ಕೈಯಲ್ಲಿದ್ದಿತು. ಅನಂತರ ಹೊರಗಿನಿಂದ ಬಂದ ಕಂಪನಿಯ ಸೇನೆ ಅದನ್ನು ಮರಳಿ ಪಡೆಯಿತು. ಮುಂದಾಳುಗಳಲ್ಲಿ ಹಲವರು ಗಲ್ಲಿಗೇರಿದರು. ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಘಟ್ಟದ ಮೇಲೆ ಕೊಡಗಿನೊಳಗೆ ಬಂಡಾಯ ಹಬ್ಬಲಿಲ್ಲ. ದಿವಾನರಲ್ಲಿ ಲಕ್ಷ್ಮೀನಾರಾಯಣಯ್ಯನು ಬಂಡಾಯದಲ್ಲಿ ಸೇರಿದ್ದಾನೆಂದು ಸೆರೆಗೆ ಹೋದನು. ಅಪ್ಪಾರಂಡ ಬೋಪಣ್ಣ ಮೊದಲಾದವರು ಕಂಪನಿಯ ಪಕ್ಷದಲ್ಲಿ ನಿಂತರು. ಕಂಪನಿಗೆ ನೆರವಾದವರಿಗೆ ಚಿನ್ನ ಮತ್ತು ಬೆಳ್ಳಿಯ ಪದಕಗಳು ದೊರೆತವು. ಈ ಕಾರಣದಿಂದ ಬಹುಕಾಲ ಒಂದು ಮನೆತನವನ್ನು ವೀರರೆಂದೂ ಇನ್ನೊಂದನ್ನು ದ್ರೋಹಿಗಳೆಂದೂ ಕರೆಯುವ ರೂಢಿ ಬೆಳೆಯಿತು. ಇತಿಹಾಸದ ಅಧ್ಯಾಪಕನು ಇಲ್ಲಿ ಎಚ್ಚರದಿಂದ ನಡೆಯಬೇಕು. ಘಟ್ಟದ ಮೇಲೆ ಜಮ್ಮದ ರಿಯಾಯಿತಿಯನ್ನು ಕಂಪನಿ ಮುಟ್ಟಲಿಲ್ಲ. ಘಟ್ಟದ ಕೆಳಗೆ ಕಂದಾಯದ ಕ್ರಮವನ್ನೇ ಬದಲಿಸಿತು. ಒಂದೇ ಆಳ್ವಿಕೆಯು ಒಂದು ನೆರೆಯವನಿಗೆ ನೆರಳಾಗಿಯೂ ಇನ್ನೊಬ್ಬನಿಗೆ ಉರಿಯಾಗಿಯೂ ಕಂಡಿತು. ಅಮೆರಿಕದ ಹೋರಾಟದಲ್ಲಿಯೂ ಲಕ್ಷಾಂತರ ಜನ ದೊರೆಯ ಪಕ್ಷದಲ್ಲಿಯೇ ಉಳಿದಿದ್ದರು. ವ್ಯಕ್ತಿಗಳನ್ನು ತೂಗುವ ಮೊದಲು ಅವರು ನಿಂತ ನೆಲವನ್ನು ನೋಡುವುದು ನ್ಯಾಯ.

ಕಾಫಿಯ ಯುಗ

ಸಂಘರ್ಷ ತಣ್ಣಗಾದ ಮೇಲೆ ನಾಡಿನ ರೂಪವನ್ನೇ ಬದಲಿಸಿದುದು ಕಾಫಿ. ಮೊದಲೇ ಅಲ್ಲೊಂದು ಇಲ್ಲೊಂದು ಕಾಫಿ ಗಿಡಗಳಿದ್ದರೂ, 1854ರಲ್ಲಿ ಫೌಲರ್ ಎಂಬಾತನು ಮಡಿಕೇರಿಯ ಬಳಿ ತೋಟ ಹಾಕಿದುದೇ ಐರೋಪ್ಯ ತೋಟಗಾರಿಕೆಯ ಆರಂಭ. ಒಂದೆರಡು ದಶಕಗಳಲ್ಲಿ ಬೆಟ್ಟಗಳ ಇಳಿಜಾರುಗಳು ಕಾಡನ್ನು ಕಳೆದುಕೊಂಡು ಕಾಫಿಯನ್ನು ಹೊದ್ದವು. ಮೊದಲ ತೋಟಗಾರರು ಮರಗಳನ್ನೆಲ್ಲ ಕಡಿದು ಬಯಲು ಬಿಸಿಲಿನಲ್ಲಿ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ಬಂದು ತೋಟಗಳು ಹಾಳಾದವು. ಬಿಸಿಲಿಗೆ ತೆರೆದ ಗಿಡಗಳಿಗೇ ಹುಳುವಿನ ಕಾಟ ಹೆಚ್ಚೆಂಬುದನ್ನು ನಷ್ಟದಿಂದ ಕಲಿತ ಮೇಲೆ ನೆರಳು ಮರಗಳ ಕೆಳಗೆ ಕಾಫಿ ಬೆಳೆಯುವ ಕ್ರಮ ನೆಲೆಯೂರಿತು. ಇಂದಿಗೂ ಕೊಡಗಿನ ಕಾಫಿ ನೆರಳಿನ ಕಾಫಿಯೇ.

ತೋಟಕ್ಕೆ ಆಳುಗಳು ಮೈಸೂರು ಸೀಮೆಯಿಂದಲೂ ಕರಾವಳಿಯಿಂದಲೂ ಬಂದರು. ಮೇಸ್ತ್ರಿಯು ಊರಿಗೆ ಹೋಗಿ ಮುಂಗಡ ಹಂಚಿ ಜನರನ್ನು ಕರೆತರುತ್ತಿದ್ದನು. ತೋಟದ ಲೈನ್‌ಮನೆಗಳಲ್ಲಿ ಅವರ ವಾಸ. 1859ರ ಹದಿಮೂರನೆಯ ಶಾಸನದ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟನು ಕೆಲಸಕ್ಕೆ ಮರಳುವಂತೆ ಅಥವಾ ಹಣ ತೀರಿಸುವಂತೆ ಆಜ್ಞಾಪಿಸಬಹುದಾಗಿತ್ತು. ಮೀರಿದರೆ ಮೂರು ತಿಂಗಳವರೆಗೆ ಸೆರೆ. ಕೂಲಿಯನ್ನು ಸರಿಯಾಗಿ ಕೊಡದ ಒಡೆಯನಿಗೆ ಅಂತಹ ಸೆರೆಯ ಭಯ ಅದರಲ್ಲಿರಲಿಲ್ಲ. ಹಡಗಿನ ಖರ್ಚಿಗೆ ಬದಲಾಗಿ ನಾಲ್ಕರಿಂದ ಏಳು ವರ್ಷ ದುಡಿಯಲು ಒಪ್ಪಿ ವರ್ಜೀನಿಯಕ್ಕೆ ಹೋದ ಇಂಗ್ಲೆಂಡಿನ ಬಡವರ ಸ್ಥಿತಿಯನ್ನು ಇದು ನೆನಪಿಗೆ ತರುತ್ತದೆ. ಅರಸರ ಕಾಲದ ಜೀತ ಹೋಗಿ ಮುಂಗಡದ ಜೀತ ಬಂದಿತು. ಆ ಶಾಸನವನ್ನು ರದ್ದುಪಡಿಸುವ ನಿರ್ಧಾರ 1925ರಲ್ಲಿ ಆಯಿತು.

ತೋಟಗಳ ನಾಡಿನಲ್ಲಿಯೇ ಸ್ವಾತಂತ್ರ್ಯದ ದನಿಯೂ ಎದ್ದಿತು. 1934ರ ಫೆಬ್ರುವರಿಯಲ್ಲಿ ಮಹಾತ್ಮಾ ಗಾಂಧಿಯವರು ಕೊಡಗಿಗೆ ಬಂದಾಗ, ಗುಂಡುಕುಟ್ಟಿಯ ತೋಟದಲ್ಲಿ ವಾಸವಾಗಿದ್ದ ಕಥೆಗಾರ್ತಿ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಬೇಕೆಂದು ಉಪವಾಸ ಹಿಡಿದರು. ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಘೋಷಣೆಗಳಲ್ಲಿ ಎಂದೂ ಕೇಳದಿದ್ದ ಹೆಣ್ಣುಮಗಳೊಬ್ಬಳ ಇಚ್ಛೆ ಇಲ್ಲಿ ತನ್ನ ದಾರಿಯನ್ನು ತಾನೇ ಕಂಡುಕೊಂಡಿತು.

ಕಲಿಯಬೇಕಾದುದು

ಕೊಡಗು 1956ರ ನವೆಂಬರ್ 1ರಂದು ಅಂದಿನ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಅರಸರು, ಕಂಪನಿ, ಚೀಫ್ ಕಮಿಷನರು ಎಲ್ಲರೂ ಈಗ ಪಾಠದ ಪುಟಗಳಲ್ಲಿದ್ದಾರೆ. ಆದರೆ ಅವರ ಕಾಲದ ಸಾಕ್ಷ್ಯಗಳೆಲ್ಲ ಪುಸ್ತಕದಲ್ಲಿಲ್ಲ. ಜಮ್ಮದ ಹಳೆಯ ಸನ್ನದು, ಲೆಕ್ಕದ ಕಡತ, ಏಲಕ್ಕಿ ಮಲೆಯ ಗಡಿಯ ನೆನಪು, ತೋಟಕ್ಕೆ ಬಂದ ಅಜ್ಜಿಯ ಮಾತು, ಇವೆಲ್ಲ ಮನೆಮನೆಗಳಲ್ಲಿವೆ. 2018ರ ಆಗಸ್ಟಿನ ಮಳೆ ಮತ್ತು ಭೂಕುಸಿತಗಳು ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಸುತ್ತ ಎಷ್ಟೋ ಮನೆಗಳನ್ನು ಕೆಡವಿದವು. ಮನೆ ಕುಸಿದಾಗ ಪೆಟ್ಟಿಗೆಯ ಕಾಗದವೂ ಮಣ್ಣಿನ ಪಾಲಾಗುತ್ತದೆ. ಮನೆಯನ್ನು ಮತ್ತೆ ಕಟ್ಟಬಹುದು, ಕಾಗದವನ್ನು ಮತ್ತೆ ಬರೆಯಲಾಗದು.

ಆದುದರಿಂದ ಅಧ್ಯಾಪಕರು ಈ ಪಾಠವನ್ನು ಬೋಧಿಸುವಾಗ ವಿದ್ಯಾರ್ಥಿಗಳನ್ನು ಮೂರು ಪ್ರಶ್ನೆಗಳೊಡನೆ ಮನೆಗೆ ಕಳುಹಿಸುವುದು ಉಚಿತ. ನಿಮ್ಮ ಮನೆಗೆ ಹಿಂದೆ ಉಪ್ಪು ಯಾವ ದಾರಿಯಿಂದ ಬರುತ್ತಿತ್ತು? ಕಂದಾಯವನ್ನು ಯಾರಿಗೆ, ಯಾವ ರೂಪದಲ್ಲಿ ಕೊಡುತ್ತಿದ್ದರು? ನಿಮ್ಮ ಗದ್ದೆಯಲ್ಲಿ ಅಥವಾ ತೋಟದಲ್ಲಿ ದುಡಿದವರ ಹೆಸರುಗಳು ಯಾರಿಗಾದರೂ ನೆನಪಿವೆಯೇ? ಮೂರನೆಯ ಪ್ರಶ್ನೆಗೆ ಉತ್ತರ ಕಡಮೆ ದೊರೆಯುವುದು. ಒಡೆಯನ ಹೆಸರು ಸನ್ನದಿನಲ್ಲಿರುತ್ತದೆ, ಆಳಿನ ಹೆಸರು ಯಾರದಾದರೂ ನೆನಪಿನಲ್ಲಿ ಮಾತ್ರ. ಆ ನೆನಪಿರುವವರು ಬದುಕಿರುವಾಗಲೇ ಕೇಳಿ ಬರೆದುಕೊಂಡರೆ, ಬಾಸ್ಟನ್ನಿನ ಚಹಾದಷ್ಟೇ ಸುಳ್ಯದ ಭತ್ತವೂ ಹಾಲೇರಿಯ ಏಲಕ್ಕಿಯೂ ಲೋಕದ ಇತಿಹಾಸಕ್ಕೆ ಸೇರಿದುವೆಂದು ಮಕ್ಕಳು ತಾವಾಗಿಯೇ ಅರಿಯುವರು.